ಬಾನುಲಿಯಲ್ಲಿ ಕಾಲ್ಚೆಂಡು: ಗಾವಡಗೆರೆಯ ಒಂದು ಸಂವಾದ

ಆಟಗಾರರಿಗೆ ಸಂಬಳ ಕೊಟ್ಟು ವರ್ಷದುದ್ದಕ್ಕೂ ತಂಡವನ್ನು ಸಾಕುವ ವೃತ್ತಿಪರ ಫುಟ್‌ಬಾಲ್ ಕ್ಲಬ್ಬೊಂದು ತನ್ನ ಪಂದ್ಯಗಳ ವೀಕ್ಷಕ ವಿವರಣೆಯನ್ನು, ಅಂದರೆ ಮೈದಾನದಲ್ಲಿ ಕಂಡದ್ದನ್ನು ಕಂಡ ಕ್ಷಣವೇ ಮಾತಿನಲ್ಲಿ ಹೇಳುವ ನೇರ ಪ್ರಸಾರವನ್ನು, ರೇಡಿಯೋದಲ್ಲಿ ಬಿತ್ತರಿಸಲು ಹಣ ಮತ್ತು ಶ್ರಮ ವ್ಯಯಿಸುವುದು ಸಾರ್ಥಕವೇ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಒಂದು ನಿರ್ದಿಷ್ಟ ಆಧಾರವಿದೆ. ಜೆಎಸ್‌ಡಬ್ಲ್ಯು ಸಮೂಹವು 2013ರಲ್ಲಿ ಕಟ್ಟಿದ ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲೇ, 2013–14ರಲ್ಲಿ, ದೇಶದ ಕ್ಲಬ್ಬುಗಳ ಐ-ಲೀಗ್ ಗೆದ್ದಿತು. 2015–16ರಲ್ಲಿ ಅದನ್ನೇ ಮತ್ತೆ ಗೆದ್ದು, 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್‌ನ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗ್ ಸೇರಿ 2018–19ರ ಋತುವಿನಲ್ಲಿ ಅದರ ಚಾಂಪಿಯನ್ ಆಯಿತು. ಇಷ್ಟೆಲ್ಲ ಗೆದ್ದ ತಂಡದ ಹೆಸರು ಅದರ ತವರು ಮೈದಾನವಾದ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಆಸುಪಾಸಿನಲ್ಲಿ ಮೊಳಗುವಷ್ಟು ಹಳೆಯ ಮೈಸೂರಿನ ಹೋಬಳಿಗಳಲ್ಲಿ ಕೇಳಿಬರುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಈ ಚರ್ಚೆಯನ್ನು ಆರಂಭಿಸಬೇಕು.

ಹುಣಸೂರು ತಾಲ್ಲೂಕಿನ ಗಾವಡಗೆರೆ ಅಂತಹ ಒಂದು ಹೋಬಳಿ. ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಗಳ ಜೊತೆಗೆ ಹೊಗೆಸೊಪ್ಪಿನ ಸೀಮೆಗೆ ಸೇರುವ ಈ ಭಾಗದಲ್ಲಿ ಮೈಸೂರು ಆಕಾಶವಾಣಿಯ 100.6 ಎಫ್‌ಎಂ ಇಂದಿಗೂ ಪರಿಚಿತ ಧ್ವನಿ. ಇಲ್ಲಿ ಮಾತನಾಡುವ ಇಬ್ಬರಲ್ಲಿ ಒಬ್ಬರು ಆ ಧ್ವನಿಯನ್ನು ಕೇಳುತ್ತ ಬೆಳೆದು, ಪ್ರೌಢಶಾಲೆಯಲ್ಲಿ ಕಲಿಸಿ ನಿವೃತ್ತರಾಗಿ, ಈಗ ಹೊಗೆಸೊಪ್ಪು ಬೆಳೆಯುವ ಮೇಷ್ಟ್ರು. ಇನ್ನೊಬ್ಬಳು ಅವರ ಹಳೆಯ ಶಿಷ್ಯೆ, ಬೆಂಗಳೂರಿನಲ್ಲಿ ಜಾಹೀರಾತಿನ ಲೆಕ್ಕ ನೋಡುವ ಕೆಲಸದಲ್ಲಿರುವವಳು, ಕಂಠೀರವದಲ್ಲಿ ಪಂದ್ಯಗಳನ್ನು ಕುಳಿತು ನೋಡಿದವಳು. ರೇಡಿಯೋ ಬೇಕೆನ್ನುವವರು ಮೇಷ್ಟ್ರು, ಅನುಮಾನಿಸುವವಳು ಶಿಷ್ಯೆ.

ಶಿಷ್ಯೆ: ಚಿತ್ರ ಸಿಗದಿದ್ದ ಕಾಲದಲ್ಲಿ ಧ್ವನಿಗೆ ಬೆಲೆಯಿತ್ತು ಮೇಷ್ಟ್ರೇ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಇಂದು ಪಂದ್ಯವೇ ಅಂಗೈಯಲ್ಲಿ ಕಾಣುತ್ತಿರುವಾಗ, ಅದನ್ನು ಬಣ್ಣಿಸುವ ಮಾತಿಗೆ ಮತ್ತೊಂದು ವೆಚ್ಚ ಏಕೆ? ರೇಡಿಯೋ ಪೆಟ್ಟಿಗೆ ಇಟ್ಟುಕೊಂಡ ಮನೆಗಳು ಕಡಿಮೆಯಾಗಿವೆ. ಮೊಬೈಲಿನಲ್ಲಿ ಎಫ್‌ಎಂ ಇರುತ್ತದೆ ಎನ್ನೋಣ ಎಂದರೆ, ತಯಾರಕರು ಅದನ್ನು ಕೈಬಿಡುತ್ತ ಬಂದದ್ದರಿಂದ, ಆ ಸೌಲಭ್ಯವನ್ನು ತೆಗೆಯಬೇಡಿ ಎಂದು 2023ರಲ್ಲಿ ಕೇಂದ್ರ ಸರ್ಕಾರವೇ ಸಲಹಾಪತ್ರ ಹೊರಡಿಸಬೇಕಾಯಿತು.

ಮೇಷ್ಟ್ರು: ಚಿತ್ರ ಕಣ್ಣನ್ನು ಕೇಳುತ್ತದಮ್ಮ, ಕಣ್ಣಿನ ಜೊತೆಗೆ ಕೈಯನ್ನೂ ಕಟ್ಟಿಹಾಕುತ್ತದೆ. ಈ ಸೀಮೆಯ ಕೆಲಸಗಳನ್ನು ಒಮ್ಮೆ ನೋಡು. ಮುಂಗಾರಿನಲ್ಲಿ ನೆಟ್ಟ ಸೊಪ್ಪನ್ನು ಮುರಿದು ತಂದು, ಕೊಳವೆಗಳ ಮೂಲಕ ಬಿಸಿ ಹಾಯಿಸಿ ಎಲೆ ಹದಗೊಳಿಸುವ ಬ್ಯಾರನ್‌ನಲ್ಲಿ ಬೇಯಿಸಿದ ಮೇಲೆ, ಬಣ್ಣ ಮತ್ತು ಗುಣ ನೋಡಿ ಎಲೆಗಳನ್ನು ಬೇರೆಬೇರೆ ಮಾಡುವ ಗ್ರೇಡಿಂಗ್ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಕಟ್ಟೆಮಳಲವಾಡಿಯ ಹರಾಜು ಕಟ್ಟೆಗೆ ಬೇಲು ಹೋಗುವವರೆಗೂ ಮನೆಮಂದಿಯೆಲ್ಲ ಅದಕ್ಕೇ ಕೂರುತ್ತಾರೆ. ಸೂಪರ್ ಲೀಗ್ ಸಾಮಾನ್ಯವಾಗಿ ನಡೆದುಕೊಂಡು ಬಂದಿರುವುದೂ ಹಿಂಗಾರಿನಿಂದ ಬೇಸಿಗೆಯ ಮೊದಲವರೆಗಿನ ಇದೇ ತಿಂಗಳುಗಳಲ್ಲಿ. ಕೈ ಮತ್ತು ಕಣ್ಣು ಎಲೆಯ ಮೇಲಿರುವ ಮನುಷ್ಯನಿಗೆ ಬಿಡುವಾಗಿರುವುದು ಕಿವಿಯೊಂದೇ. ಆ ಕಿವಿಯನ್ನು ಟಿವಿಯಾಗಲಿ ಮೊಬೈಲಿನ ಪರದೆಯಾಗಲಿ ತಲುಪುವುದಿಲ್ಲ.

ಶಿಷ್ಯೆ: ಕಿವಿ ಬಿಡುವಾಗಿದೆ ಎಂಬುದು ನಿಜ, ಅದು ಫುಟ್‌ಬಾಲನ್ನೇ ಬಯಸುತ್ತದೆ ಎಂಬುದಕ್ಕೆ ಇದರಿಂದ ಯಾವ ಆಧಾರವೂ ಸಿಗುವುದಿಲ್ಲ. ಸೊಪ್ಪು ವಿಂಗಡಿಸುವವರು ಹಾಡು ಕೇಳುತ್ತಾರೆ, ವಾರ್ತೆ ಕೇಳುತ್ತಾರೆ, ಕ್ರಿಕೆಟ್ ಇದ್ದರೆ ಕ್ರಿಕೆಟ್ ಕೇಳುತ್ತಾರೆ. ಇನ್ನೊಂದು ಮಾತು, ಬೆಂಗಳೂರು ಎಫ್‌ಸಿಯನ್ನು ಸ್ಥಳೀಯ ತಂಡ ಎನ್ನುವುದು ಯಾರ ದೃಷ್ಟಿಯಿಂದ? ಕಂಠೀರವಕ್ಕೂ ಗಾವಡಗೆರೆಗೂ ಹತ್ತಿರಹತ್ತಿರ ಇನ್ನೂರು ಕಿಲೋಮೀಟರ್ ಅಂತರ. ಸಂಜೆಯ ಪಂದ್ಯ ಮುಗಿಸಿ ಅದೇ ರಾತ್ರಿ ಊರು ಸೇರಲು ಆಗದವರಿಗೆ ಅದು ನೆರೆಯ ತಂಡ ಹೇಗಾದೀತು?

ಮೇಷ್ಟ್ರು: ನೆರೆ ಎಂಬುದನ್ನು ಕಿಲೋಮೀಟರಿನಲ್ಲಿ ಮಾತ್ರ ಅಳೆಯಲಾಗದು ಎಂಬುದನ್ನು ಬಂಗಾಳ ತೋರಿಸಿದೆ. ಅಜಯ್ ಬಸು, ಪುಷ್ಪೇನ್ ಸರ್ಕಾರ್, ಕಮಲ್ ಭಟ್ಟಾಚಾರ್ಯ ಇವರು ಕಲ್ಕತ್ತಾ ಆಕಾಶವಾಣಿಯಿಂದ ಬಂಗಾಳಿಯಲ್ಲಿ ಹೇಳುತ್ತಿದ್ದ ವಿವರಣೆಯಿಂದಾಗಿ, ಕಲ್ಕತ್ತಾ ಮೈದಾನವನ್ನು ಎಂದೂ ಕಾಣದ ಜಿಲ್ಲೆಗಳ ಜನರೂ ಮೋಹನ್ ಬಾಗಾನ್ ಅಥವಾ ಈಸ್ಟ್ ಬೆಂಗಾಲ್ ಪಕ್ಷದವರಾದರು. ಆಸೆ ಮೊದಲೇ ಇದ್ದು ಪ್ರಸಾರ ಆಮೇಲೆ ಬರಬೇಕು ಎಂದು ನೀನು ಹೇಳುತ್ತಿದ್ದೀಯೆ. ಈ ಹಳ್ಳಿಗಳಿಗೆ ಕ್ರಿಕೆಟ್ ಬಂದದ್ದಾದರೂ ಹೇಗೆ? ಬ್ಯಾಟು ಹಿಡಿಯದವರ ಕಿವಿಗೆ ಮೊದಲು ಸ್ಕೋರು ಬಿತ್ತು, ಆಟದ ಅರಿವು ನಿಧಾನವಾಗಿ ಅದರ ಹಿಂದೆ ಬಂತು.

ಶಿಷ್ಯೆ: ಬಂಗಾಳದ ಆ ಎರಡು ಕ್ಲಬ್ಬುಗಳ ಹಿಂದೆ ಅರ್ಧ ಶತಮಾನದ ಜಗಳ, ವಲಸೆ, ಅಭಿಮಾನ ಎಲ್ಲವೂ ಇದ್ದವು; ರೇಡಿಯೋ ಅವನ್ನು ಹರಡಿತೇ ಹೊರತು ಹುಟ್ಟಿಸಲಿಲ್ಲ.

ಮೇಷ್ಟ್ರು: ಹಾಗಾದರೆ ಅಮೆರಿಕದ ಬೇಸ್‌ಬಾಲ್‌ಗೆ ಬಾ. ಶಿಕಾಗೊ ಕಬ್ಸ್ ತಂಡದ ಒಡೆಯ ವಿಲಿಯಂ ರಿಗ್ಲಿ 1925ರಲ್ಲಿ ತನ್ನ ತವರು ಪಂದ್ಯಗಳನ್ನು ಬಿತ್ತರಿಸಲು ನಿಲಯಗಳಿಗೆ ಅವಕಾಶ ಕೊಟ್ಟ. 1927ರ ಹೊತ್ತಿಗೆ ಒಂದೇ ಋತುವಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು ಆ ತಂಡದ ಮೈದಾನಕ್ಕೆ ಬಂದರು. ಮನೆಯಲ್ಲಿ ಕೇಳಿದವರು, ಹೆಂಗಸರು ಮಕ್ಕಳೂ ಸೇರಿ, ಆಟ ನೋಡಬೇಕೆಂದು ಹೊರಟರು.

ಶಿಷ್ಯೆ: ಅದೇ ವರ್ಷಗಳಲ್ಲಿ ಆ ತಂಡ ಆಟದಲ್ಲೂ ಮೇಲೇರುತ್ತಿತ್ತು, 1929ರಲ್ಲಿ ತನ್ನ ಲೀಗನ್ನೇ ಗೆದ್ದಿತು. ಗೆಲ್ಲುವ ತಂಡಕ್ಕೆ ಜನ ಬರುತ್ತಾರೆ, ರೇಡಿಯೋ ಇದ್ದರೂ ಇಲ್ಲದಿದ್ದರೂ. ಅತ್ತ ನ್ಯೂಯಾರ್ಕಿನ ಮೂರು ತಂಡಗಳು 1934ರಿಂದ 1938ರವರೆಗೆ ತಮ್ಮೊಳಗೆ ಒಪ್ಪಂದ ಮಾಡಿಕೊಂಡು ರೇಡಿಯೋವನ್ನು ಹೊರಗಿಟ್ಟವು. ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ 1931ರಲ್ಲಿ ತನ್ನ ಪಂದ್ಯಗಳ ನೇರ ಪ್ರಸಾರವನ್ನು ನಿಷೇಧಿಸಿತು. ಟಿಕೆಟ್ಟಿನ ಹಣವನ್ನೇ ನಂಬಿ ಬದುಕಿದವರಿಗೆ ಕುರ್ಚಿ ಖಾಲಿ ಬೀಳುವ ಭಯ ಇತ್ತು, ಅದನ್ನು ಮೂರ್ಖತನ ಎಂದು ತಳ್ಳಿಹಾಕುವುದು ಸುಲಭವಲ್ಲ.

ಮೇಷ್ಟ್ರು: ಆ ಮೂರು ತಂಡಗಳಲ್ಲಿ ಬ್ರೂಕ್ಲಿನ್ ತಂಡವು 1939ರಲ್ಲಿ ಒಪ್ಪಂದದಿಂದ ಹೊರಬಂದು ರೆಡ್ ಬಾರ್ಬರ್ ಎಂಬ ವಿವರಣೆಗಾರನನ್ನು ಕರೆತಂದ ಕೂಡಲೇ ಉಳಿದ ಇಬ್ಬರೂ ಅದೇ ದಾರಿ ಹಿಡಿದರು ಎಂಬುದನ್ನೂ ಸೇರಿಸಿಕೊ. ಇನ್ನು ನಮ್ಮ ವಿಷಯದಲ್ಲಿ ಆ ಭಯಕ್ಕೆ ಜಾಗವೇ ಇಲ್ಲ. ಹುಣಸೂರಿನವನು ರೇಡಿಯೋ ಕೇಳಿದ ಕಾರಣಕ್ಕೆ ಕಂಠೀರವದ ಒಂದು ಕುರ್ಚಿಯೂ ಖಾಲಿಯಾಗದು. ಅವನು ಅಲ್ಲಿಗೆ ಬರುತ್ತಲೇ ಇರಲಿಲ್ಲ.

ಶಿಷ್ಯೆ: ನಷ್ಟವಿಲ್ಲ ಎಂಬುದನ್ನು ಒಪ್ಪಬಹುದು. ಆದರೆ ಬರುವವನೇ ಅಲ್ಲದವನಿಂದ ಲಾಭವೂ ಇಲ್ಲ. ಜಾಹೀರಾತು ಕೊಡುವವರು ಎಣಿಸಬಲ್ಲದ್ದಕ್ಕೆ ಹಣ ಕೊಡುತ್ತಾರೆ. ಮೊಬೈಲಿನಲ್ಲಿ ಎಷ್ಟು ಜನ ಎಷ್ಟು ನಿಮಿಷ ನೋಡಿದರು ಎಂಬುದು ಮರುದಿನವೇ ಅವರ ಮೇಜಿನ ಮೇಲಿರುತ್ತದೆ, ಸೊಪ್ಪಿನ ಮನೆಯ ಮೂಲೆಯಲ್ಲಿ ಉಲಿಯುವ ಪೆಟ್ಟಿಗೆಯ ಮುಂದೆ ಎಷ್ಟು ಜನ ಕುಳಿತಿದ್ದಾರೆ ಎಂಬ ಲೆಕ್ಕ ಯಾರಿಗೂ ಸಿಗುವುದಿಲ್ಲ. ಕ್ಲಬ್ಬಿನ ಕೈಯಲ್ಲಿ ಹಣ ಧಾರಾಳವಾಗಿದ್ದರೆ ಈ ಮಾತು ಬೇರೆ. 2010ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟವು ವಾಣಿಜ್ಯ ಪಾಲುದಾರರೊಂದಿಗೆ ಮಾಡಿಕೊಂಡ 15 ವರ್ಷಗಳ, 700 ಕೋಟಿ ರೂಪಾಯಿಯ ಒಪ್ಪಂದ ಮುಗಿಯುತ್ತ ಬಂದು, ಮುಂದಿನ ಲೀಗ್ ನಡೆಯುವುದೇ ಅನಿಶ್ಚಿತವಾದಾಗ, 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಬೇಕಾಯಿತು. ಸಂಬಳಕ್ಕೇ ತೊಡಕಾದ ಮನೆಯಲ್ಲಿ ರೇಡಿಯೋದ ಮಾತು ಎತ್ತುವುದು ಹೇಗೆ?

ಮೇಷ್ಟ್ರು: ಅದೇ ಘಟನೆಯನ್ನು ಇನ್ನೊಂದು ಕಡೆಯಿಂದ ನೋಡಬಾರದೇಕೆ? ಒಂದು ಒಪ್ಪಂದದ ಕಾಗದ ಹಳತಾದ ಕೂಡಲೇ ದೇಶದ ಅತ್ಯುತ್ತಮ ಲೀಗ್ ನಿಂತುಹೋಗುವ ಸ್ಥಿತಿ ಬಂದದ್ದು, ಆ ಕಟ್ಟಡಕ್ಕೆಲ್ಲ ಟಿವಿಯ ಹಕ್ಕು ಎಂಬ ಒಂದೇ ಕಂಬ ಇದ್ದುದರಿಂದ. ಜನರ ರೂಢಿಯಲ್ಲಿ ಬೇರು ಬಿಟ್ಟ ಆಟಕ್ಕೆ ಹಾಗಾಗುವುದಿಲ್ಲ. ರೂಢಿ ಬೆಳೆಯುವುದು ಪ್ರತಿವಾರ, ಅದೇ ಹೊತ್ತಿಗೆ, ಅದೇ ಧ್ವನಿಯಲ್ಲಿ ಕೇಳಿಸಿಕೊಂಡಾಗ. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ 30 ವ್ಯಾಟ್‌ನ ಸಣ್ಣ ಪ್ರೇಷಕದಲ್ಲಿ ಆಕಾಶವಾಣಿ ಆರಂಭಿಸಿದಾಗ ಕೇಳುಗರ ತಲೆ ಎಣಿಸಿ ಆರಂಭಿಸಲಿಲ್ಲ. ಆ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು.

ಗೋಪಾಲಸ್ವಾಮಿಯವರ ಉದಾಹರಣೆ ಈ ಸೀಮೆಯಲ್ಲಿ ಯಾರ ಬಾಯಿಯನ್ನಾದರೂ ಕಟ್ಟಿಹಾಕುವಂಥದ್ದು; ಆದರೆ ಲಾಭದ ಹಂಗಿಲ್ಲದ ಪ್ರಾಧ್ಯಾಪಕರೊಬ್ಬರ ಸಾಹಸವನ್ನು ವರ್ಷಾಂತ್ಯದಲ್ಲಿ ಲೆಕ್ಕ ಒಪ್ಪಿಸಬೇಕಾದ ಕ್ಲಬ್ಬಿಗೆ ಮಾದರಿಯಾಗಿ ಒಡ್ಡುವುದು ಎಷ್ಟು ನ್ಯಾಯ ಎಂಬ ಪ್ರಶ್ನೆ ಉಳಿಯುತ್ತದೆ. ಶಿಷ್ಯೆ ಅದನ್ನು ನೇರವಾಗಿ ಎತ್ತದೆ, ಕಾನೂನಿನ ಕಡೆಗೆ ಮಾತು ತಿರುಗಿಸಿದಳು.

ಶಿಷ್ಯೆ: ಕ್ಲಬ್ ಮನಸ್ಸು ಮಾಡಿದರೂ ಸಾಲದು. ಪಂದ್ಯವನ್ನು ಧ್ವನಿಯಲ್ಲಿ ಬಿತ್ತರಿಸುವುದೂ ಒಂದು ಹಕ್ಕು. ಅದು ಸಾಮಾನ್ಯವಾಗಿ ಲೀಗ್‌ನ ಕೈಯಲ್ಲಿರುತ್ತದೆಯೇ ಹೊರತು ಒಂದೊಂದು ಕ್ಲಬ್ಬಿನ ಕೈಯಲ್ಲಿ ಅಲ್ಲ. ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರ ಘೋಷಿಸಿದ ಪಂದ್ಯಗಳನ್ನು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು ಎಂದು 2007ರ ಕಾಯ್ದೆ ಹೇಳುತ್ತದೆ, ಜಾಹೀರಾತಿನ ಆದಾಯವನ್ನು ಟಿವಿಯಲ್ಲಿ 75:25ರಂತೆ, ರೇಡಿಯೋದಲ್ಲಿ 50:50ರಂತೆ ಹಂಚಬೇಕೆಂದೂ ವಿಧಿಸುತ್ತದೆ. ಆದರೆ ವಾರವಾರದ ಕ್ಲಬ್ ಪಂದ್ಯ ಆ ಮಹತ್ವಕ್ಕೆ ಏರುವಂಥದ್ದಲ್ಲ.

ಮೇಷ್ಟ್ರು: ಖಾಸಗಿ ಎಫ್‌ಎಂಗಳ ಮೂರನೆಯ ಹಂತದ 2011ರ ನೀತಿಯು, ಅವುಗಳಿಗೆ ಸ್ವಂತ ವಾರ್ತೆಯನ್ನು ನಿಷೇಧಿಸಿಯೂ, ಸ್ಥಳೀಯ ಸ್ವರೂಪದ ಕ್ರೀಡೆಗಳ ನೇರ ವಿವರಣೆಗೆ ಬಾಗಿಲು ತೆರೆದಿಟ್ಟಿದೆ. ಹಕ್ಕು ಲೀಗ್‌ನದ್ದಾದರೆ ಲೀಗನ್ನು ಕೇಳಬೇಕು. ಯಾರೂ ಕೊಳ್ಳಲು ಬಾರದ ಹಕ್ಕನ್ನು ಕನ್ನಡಕ್ಕೆ ಬಿಟ್ಟುಕೊಡಿ ಎಂದು ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಶಿಷ್ಯೆ: ಅನುಮತಿ ಸಿಕ್ಕಿತು ಎನ್ನೋಣ. ಫುಟ್‌ಬಾಲನ್ನು ಮಾತಿನಲ್ಲಿ ಹೇಳಲು ಸಾಧ್ಯವೇ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಕ್ರಿಕೆಟ್ಟಿನಲ್ಲಿ ಒಂದು ಎಸೆತಕ್ಕೂ ಇನ್ನೊಂದಕ್ಕೂ ನಡುವೆ ಬಿಡುವಿದೆ, ನಡೆದದ್ದನ್ನು ಹೇಳಿ ಮುಗಿಸಿ ನಡೆಯಲಿರುವುದಕ್ಕೆ ಕಾಯಬಹುದು. ಫುಟ್‌ಬಾಲಿನಲ್ಲಿ ಚೆಂಡು ಎಡದ ಅಂಚಿನಲ್ಲಿದೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಅದು ಬಲಕ್ಕೆ ದಾಟಿರುತ್ತದೆ.

ಮೇಷ್ಟ್ರು: ಈ ಕಷ್ಟ ಮೊದಲ ದಿನವೇ ಎದುರಾದದ್ದು. 1927ರ ಜನವರಿ 22ರಂದು ಲಂಡನ್ನಿನ ಹೈಬರಿಯಿಂದ ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ನಡುವಿನ ಪಂದ್ಯವನ್ನು ಬಿಬಿಸಿ ಬಿತ್ತರಿಸಿದಾಗ, ಮೈದಾನದ ನಕ್ಷೆಯನ್ನು ಎಂಟು ಮನೆಗಳಾಗಿ ವಿಂಗಡಿಸಿ ಪತ್ರಿಕೆಯಲ್ಲಿ ಮೊದಲೇ ಅಚ್ಚು ಹಾಕಿಸಿತ್ತು; ಟೆಡ್ಡಿ ವೇಕ್‌ಲಮ್ ಆಟವನ್ನು ಹೇಳುತ್ತಿದ್ದರೆ ಪಕ್ಕದಲ್ಲಿ ಇನ್ನೊಬ್ಬರು ಚೆಂಡು ಎಷ್ಟನೆಯ ಮನೆಯಲ್ಲಿದೆ ಎಂದು ಸಂಖ್ಯೆ ಕೂಗುತ್ತಿದ್ದರು. ಮನೆಯಲ್ಲಿ ಕುಳಿತವನು ನಕ್ಷೆಯ ಮೇಲೆ ಬೆರಳಿಟ್ಟು ಚೆಂಡಿನ ಹಿಂದೆ ಓಡಿದ. ಆಗಲೇ ಹೇಳಿದ ರೆಡ್ ಬಾರ್ಬರ್ ಕೂಡ ತನ್ನ ಮುಂದೆ ಮೂರು ನಿಮಿಷದ ಮರಳುಗಡಿಯಾರ ಇಟ್ಟುಕೊಂಡು, ಮರಳು ಖಾಲಿಯಾದಾಗಲೆಲ್ಲ ಸ್ಕೋರು ಹೇಳಿ ಅದನ್ನು ಬೋರಲು ಹಾಕುತ್ತಿದ್ದ. ನಡುವೆ ಬಂದು ಕೂತ ಕೇಳುಗ ದಿಕ್ಕೆಡಬಾರದೆಂಬುದು ಅವನ ಕಾಳಜಿ. ಇದು ಕಲಿಯಬಹುದಾದ ಕಸುಬು. ಮೈಸೂರಿನಲ್ಲಂತೂ ಅದರ ಬೇರು ಇದೆ: ದಸರೆಯ ಜಂಬೂಸವಾರಿಯನ್ನು ಆಕಾಶವಾಣಿಯ ವಿವರಣೆಯಲ್ಲಿ ಕೇಳಿದವರು, ಆನೆ ಯಾವ ತಿರುವಿನಲ್ಲಿದೆ, ಅಂಬಾರಿಗೆ ಮುನ್ನ ಯಾವ ಸ್ತಬ್ಧಚಿತ್ರ ಬಂತು ಎಂಬುದನ್ನು ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು.

ಶಿಷ್ಯೆ: ಆನೆಯ ನಡಿಗೆಗೆ ಮಾತು ಹೊಂದುತ್ತದೆ, ಮೆರವಣಿಗೆಯ ದಾರಿಯೂ ಕೇಳುವವರಿಗೆ ತಲೆಮಾರಿನಿಂದ ಗೊತ್ತು. ಅದನ್ನು ಬಿಟ್ಟು 2023ರ ಮಾರ್ಚ್ 3ರ ರಾತ್ರಿಯನ್ನು ನೆನೆಯಿರಿ. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧದ ನಾಕೌಟ್ ಪಂದ್ಯ ಗೋಲಿಲ್ಲದೆ ಹೆಚ್ಚುವರಿ ಅವಧಿಗೆ ಹೋಗಿತ್ತು. ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು, ಅಂದರೆ ಎದುರಾಳಿಯ ತಪ್ಪಿಗಾಗಿ ಚೆಂಡನ್ನು ನಿಲ್ಲಿಸಿ ಒದೆಯುವ ಅವಕಾಶ. ಬ್ಲಾಸ್ಟರ್ಸ್ ಆಟಗಾರರು ಅಡ್ಡಗೋಡೆಯಂತೆ ಸಾಲು ನಿಲ್ಲಲು ಇನ್ನೂ ಸಿದ್ಧರಾಗುತ್ತಿದ್ದಾಗಲೇ ಸುನಿಲ್ ಚೆಟ್ರಿ ಚೆಂಡನ್ನು ಬಲೆಗೆ ಸೇರಿಸಿಬಿಟ್ಟರು, ರೆಫ್ರಿ ಗೋಲು ಕೊಟ್ಟರು, ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರನಡೆಯಿತು. ಅಲ್ಲೇ ಕುಳಿತಿದ್ದವರಿಗೂ ಏನು ನಡೆಯಿತೆಂದು ತಿಳಿಯಲು ಹೊತ್ತು ಹಿಡಿಯಿತು. ಇದನ್ನು ಕಣ್ಣಿಲ್ಲದೆ ಕೇಳಿದವನ ಪಾಡೇನು?

ಮೇಷ್ಟ್ರು: ಕೂತು ನೋಡಿದವರಿಗೇ ತಿಳಿಯಲಿಲ್ಲ ಎಂದ ಮೇಲೆ, ಕಣ್ಣಿದ್ದ ಮಾತ್ರಕ್ಕೆ ಆಟ ಅರ್ಥವಾಗುವುದಿಲ್ಲ ಎಂದು ನೀನೇ ಹೇಳಿದಂತಾಯಿತು. ಆ ಗಳಿಗೆಯಲ್ಲಿ ಬೇಕಾಗಿದ್ದದ್ದು ನಿಯಮ ಬಲ್ಲ ಒಂದು ಧ್ವನಿ: ಒದೆಯುವ ತಂಡ ಬಯಸಿದರೆ ಎದುರಾಳಿ 9.15 ಮೀಟರ್ ದೂರ ಸರಿಯುವವರೆಗೆ ಕಾಯದೆ ಬೇಗನೆ ಒದೆಯಬಹುದು, ದೂರ ಸರಿಸಿ ಎಂದು ಅದು ರೆಫ್ರಿಯನ್ನು ಕೋರಿದ್ದರೆ ಮಾತ್ರ ಸೀಟಿಗೆ ಕಾಯಬೇಕು, ವಿವಾದವೆಲ್ಲ ಆ ಎರಡರಲ್ಲಿ ಯಾವುದು ನಡೆಯಿತು ಎಂಬುದರ ಮೇಲೆ ನಿಂತಿದೆ ಎಂದು ಕನ್ನಡದಲ್ಲಿ ನಿಧಾನವಾಗಿ ತಿಳಿಸುವವರು. ಅಂತಹ ಒಂದು ರಾತ್ರಿಯ ವಿವರಣೆ ಕೇಳಿದ ಹುಡುಗ ಮರುದಿನ ಶಾಲೆಯ ಬಯಲಿನಲ್ಲಿ ಅದೇ ವಾದ ಹೂಡುತ್ತಾನೆ.

ಶಿಷ್ಯೆ: ಅವನು ಹೂಡುವ ವಾದಕ್ಕೆ ಮರುದಿನ ಇನ್ನೂ ದೊಡ್ಡ ಸುದ್ದಿ ಇತ್ತು. ಮಾರ್ಚ್ 4ರಂದು ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು, 1968–69ರಲ್ಲಿ ಮೈಸೂರು ರಾಜ್ಯ ಗೆದ್ದ ಮೇಲೆ 54 ವರ್ಷಗಳ ನಂತರ. ಅದು ಕ್ಲಬ್ಬಿನದಲ್ಲ, ರಾಜ್ಯದ ತಂಡ. ಕನ್ನಡದ ಕಿವಿಗೆ ಒಂದು ಪಂದ್ಯವನ್ನಾದರೂ ತಲುಪಿಸಬೇಕೆಂದಿದ್ದರೆ ಮೊದಲ ಹಕ್ಕು ಅದಕ್ಕೆ ಸಲ್ಲಬೇಕಿತ್ತು.

ಮೇಷ್ಟ್ರು: ಸರಿಯಾದ ಮಾತು. ಆದರೆ ಸಂತೋಷ್ ಟ್ರೋಫಿ ವರ್ಷಕ್ಕೊಮ್ಮೆ ಬಂದು ಹೋಗುವ ಪಂದ್ಯಾವಳಿ. ಕಿವಿಯನ್ನು ಪಳಗಿಸುವ ಶಕ್ತಿ ಇರುವುದು ತಿಂಗಳುಗಟ್ಟಲೆ ನಡೆಯುವ ಕ್ಲಬ್ಬಿನ ಲೀಗಿಗೆ. ಇನ್ನು ಕಣ್ಣಿಲ್ಲದೆ ಕೇಳಿದವನು ಎಂದೆಯಲ್ಲ, ನಿಜವಾಗಿಯೂ ಕಣ್ಣು ಕಾಣದವರ ಮಾತು ಎಲ್ಲಿ ಹೋಯಿತು? ಟಿವಿಯ ವಿವರಣೆಗಾರ ಚಿತ್ರವನ್ನು ನಂಬಿ ಅರ್ಧ ಮಾತ್ರ ಹೇಳುತ್ತಾನೆ, ಉಳಿದರ್ಧ ತೆರೆಯ ಮೇಲಿರುತ್ತದೆ. ಚೆಂಡು ಎಲ್ಲಿದೆ, ಯಾರ ಕಾಲಲ್ಲಿದೆ, ಗೋಲಿಗೆ ಎಷ್ಟು ದೂರ ಎಂಬುದನ್ನು ಬಿಡದೆ ಹೇಳಲೇಬೇಕಾದವನು ರೇಡಿಯೋದವನು.

ಶಿಷ್ಯೆ: ಅದಕ್ಕೆ ಎದುರುತ್ತರ ಇಲ್ಲ ಮೇಷ್ಟ್ರೇ. ಆ ಕೇಳುಗರ ವಿಷಯದಲ್ಲಿ ವೆಚ್ಚದ ಲೆಕ್ಕವನ್ನೇ ಎತ್ತಬಾರದು. ಮೈದಾನಕ್ಕೆ ಬಂದ ಅಂಧ ಪ್ರೇಕ್ಷಕರಿಗೂ ಕಿವಿಯಲ್ಲಿ ಅದೇ ಧ್ವನಿ ಸಿಗುವಂತೆ ಕ್ಲಬ್ ವ್ಯವಸ್ಥೆ ಮಾಡಬೇಕು. ಆದರೆ ನಿಮ್ಮ ಉಳಿದ ವಾದಕ್ಕೆ ಅದನ್ನು ಊರುಗೋಲು ಮಾಡಿಕೊಳ್ಳಬೇಡಿ. ಕ್ಲಬ್ಬಿಗೆ ಈ ನಾಲ್ಕು ತಾಲ್ಲೂಕುಗಳ ಮೇಲೆ ನಿಜವಾದ ಪ್ರೀತಿಯಿದ್ದರೆ ಧ್ವನಿಗಿಂತ ಮೊದಲು ಚೆಂಡು ಕಳಿಸಲಿ, ತರಬೇತುದಾರರನ್ನು ಕಳಿಸಲಿ, ಹೋಬಳಿ ಶಾಲೆಗಳ ಬಯಲನ್ನು ಸಮ ಮಾಡಿಸಲಿ. ಈ ಸೀಮೆಯಿಂದ ಒಬ್ಬ ಆಟಗಾರ ಕಂಠೀರವದ ಹುಲ್ಲಿನ ಮೇಲೆ ಇಳಿದರೆ, ಯಾರೂ ಹೇಳಿಕೊಡದೆ ಜನ ರೇಡಿಯೋ ಹುಡುಕಿಕೊಂಡು ಬರುತ್ತಾರೆ.

ಮೇಷ್ಟ್ರು: ಚೆಂಡು ಬಂದರೂ ಆಡಬೇಕೆನ್ನುವ ಹುಡುಗ ಬೇಕಲ್ಲ. ಅವನು ಯಾರ ಹೆಸರು ಹೇಳಿಕೊಂಡು ಓಡಬೇಕು?

ಶಿಷ್ಯೆ: ಇಲ್ಲಿಯೇ ಆಡುವವರ ಹೆಸರು ಹೇಳಿಕೊಂಡು. ಹುಣಸೂರಿನ ಗುರುಪುರದಲ್ಲಿ, ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ನರಲ್ಲಿ ಫುಟ್‌ಬಾಲ್ ಎರಡು ತಲೆಮಾರಿನ ರೂಢಿ. ಸರಗೂರಿನಲ್ಲಿ 90.8ರಲ್ಲಿ ‘ಜನಧ್ವನಿ’ ಇದೆ. ಕೆಲವೇ ಕಿಲೋಮೀಟರ್ ವ್ಯಾಪ್ತಿಗೆ, ಅಲ್ಲಿನ ಜನರೇ ನಡೆಸುವ ಉದ್ದೇಶದಿಂದ ಅನುಮತಿ ಪಡೆಯುವ ಸಮುದಾಯ ಬಾನುಲಿ ಅದು. ಅಂತಹ ನಿಲಯಗಳಲ್ಲಿ ಊರಿನ ಪಂದ್ಯಕ್ಕೆ ಊರಿನವರೇ ವಿವರಣೆ ಹೇಳಿ ಕಲಿಯಲಿ. ಖರ್ಚು ಕಡಿಮೆ, ನಂಟು ಹೆಚ್ಚು, ತಪ್ಪಿದರೆ ತಿದ್ದುವವರೂ ಪಕ್ಕದಲ್ಲೇ ಇರುತ್ತಾರೆ.

ಮೇಷ್ಟ್ರು: ಕಸುಬು ಕಲಿಯಲು ಅದಕ್ಕಿಂತ ಒಳ್ಳೆಯ ಗರಡಿ ಇಲ್ಲ, ಒಪ್ಪಬೇಕಾದ ಮಾತು. ಆದರೆ ಅಲ್ಲಿಗೇ ನಿಲ್ಲಿಸಿದರೆ, ಹಳ್ಳಿಯವರಿಗೆ ಹಳ್ಳಿಯ ಆಟ ಸಾಕು, ದೊಡ್ಡ ಆಟ ರಾಜಧಾನಿಯವರದ್ದು ಎಂದು ಗೆರೆ ಎಳೆದಂತಾಗುತ್ತದೆ. 2023–24ರಲ್ಲಿ ಐ-ಲೀಗ್ 2 ಗೆದ್ದು ಮೇಲಿನ ಐ-ಲೀಗಿಗೆ ಏರಿದ ಎಸ್‌ಸಿ ಬೆಂಗಳೂರಿನಂತಹ, ಟಿವಿಯ ಬೆಳಕು ಅಷ್ಟಾಗಿ ಬೀಳದ ಕ್ಲಬ್ಬುಗಳನ್ನೂ ಯೋಚಿಸು. ಅವರಿಗೆ ಊರಾಚೆ ಕೇಳುಗರನ್ನು ಗಳಿಸಲು ಬೇರೆ ಯಾವ ಸಾಧನ ಇದೆ?

ಶಿಷ್ಯೆ: ಅವರ ವಿಷಯದಲ್ಲಿ ನಿಮ್ಮ ವಾದಕ್ಕೆ ಹೆಚ್ಚು ಬಲವಿದೆ, ದೊಡ್ಡ ಕ್ಲಬ್ಬಿನ ವಿಷಯದಲ್ಲಿ ಕಡಿಮೆ. ಹಾಗಾದರೆ ಒಂದು ಋತುವಿನ ತವರು ಪಂದ್ಯಗಳನ್ನಷ್ಟೇ ಮೈಸೂರು ಆಕಾಶವಾಣಿಯಲ್ಲಿ ಕನ್ನಡದಲ್ಲಿ ಹೇಳಿಸಿ ನೋಡಲಿ. ಕೊನೆಯಲ್ಲಿ ಹುಣಸೂರಿನಿಂದ ಒಂದು ಬಸ್ಸು ತುಂಬ ಜನ ಕಂಠೀರವಕ್ಕೆ ಹೊರಟರೆ ಸಾರ್ಥಕ, ಹೊರಡದಿದ್ದರೆ ಆ ಹಣ ಬಯಲಿಗೆ ಮತ್ತು ಚೆಂಡಿಗೆ ಹೋಗಲಿ. ಈ ಅಳತೆ ಒಪ್ಪಿಗೆಯೇ?

ಮೇಷ್ಟ್ರು: ಒಂದು ಋತು ಸಾಲದು. ಮೊದಲ ವರ್ಷ ಜನ ಆಟಗಾರರ ಹೆಸರು ಕಲಿಯುತ್ತಾರೆ, ಎರಡನೆಯ ವರ್ಷ ಆಫ್‌ಸೈಡ್ ಏನೆಂದು, ಅಂದರೆ ಎದುರಾಳಿಯ ಕೊನೆಯಿಂದ ಎರಡನೆಯ ಆಟಗಾರನನ್ನೂ ದಾಟಿ ಮುಂದೆ ನಿಂತವನಿಗೆ ಚೆಂಡು ಕೊಡಬಾರದೇಕೆಂದು ಕಲಿಯುತ್ತಾರೆ, ಬಸ್ಸು ಹತ್ತುವುದು ಮೂರನೆಯ ವರ್ಷದ ಮಾತು. ಅಲ್ಲದೆ ಬಸ್ಸು ಹತ್ತಲಾರದ ಮುದುಕರನ್ನು, ಸೊಪ್ಪು ಬಿಟ್ಟು ಏಳಲಾಗದ ಹೆಂಗಸರನ್ನು ಆ ಅಳತೆಯಲ್ಲಿ ಎಲ್ಲಿ ಸೇರಿಸುತ್ತೀ?

ಶಿಷ್ಯೆ: ಸೇರಿಸಲು ದಾರಿ ಹುಡುಕಬಹುದು, ನಿಲಯಕ್ಕೆ ಬರುವ ಪತ್ರ, ಫೋನು, ಶಾಲೆಗಳಲ್ಲಿ ಆಟಕ್ಕೆ ಹೆಸರು ಕೊಡುವ ಮಕ್ಕಳು, ಇವನ್ನೂ ಎಣಿಸೋಣ. ಆದರೆ ಮೂರು ವರ್ಷ ಎಂದರೆ ಮೂರು ವರ್ಷದ ವೆಚ್ಚ. ಎರಡನೆಯ ವರ್ಷದ ಹಣವನ್ನು ಯಾರು ಕೊಡಬೇಕು, ಕ್ಲಬ್ಬೋ, ಆಕಾಶವಾಣಿಯೋ, ಕ್ರೀಡಾ ಇಲಾಖೆಯೋ?

ಮೇಷ್ಟ್ರು: ಮೊದಲ ವರ್ಷ ಕ್ಲಬ್ ಕೊಡಲಿ, ಎರಡನೆಯ ವರ್ಷ ಆಕಾಶವಾಣಿ ಅರ್ಧ ಹೊರಲಿ. ಉಳಿದರ್ಧಕ್ಕೆ ಈ ಸೀಮೆಯಲ್ಲೇ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಮಾರುವವರು ಜಾಹೀರಾತು ಕೊಟ್ಟಾರು, ಅವರಿಗೆ ಬೇಕಾದ ಕಿವಿಗಳೂ ಇವೇ.

ಶಿಷ್ಯೆ: ಕೊಟ್ಟಾರು ಎಂಬುದನ್ನು ನಂಬಿ ಯಾವ ಕ್ಲಬ್ಬೂ ಸಹಿ ಹಾಕುವುದಿಲ್ಲ ಮೇಷ್ಟ್ರೇ. ಅಂಗಡಿಯವರನ್ನು ಮೊದಲು ಕೇಳಿ ನೋಡಿ, ಹೂಂ ಎಂದವರ ಪಟ್ಟಿ ಕೈಗೆ ಬಂದ ಮೇಲೆ ಬೆಂಗಳೂರಿನಲ್ಲಿ ಮಾತು ಎತ್ತಬಹುದು.